ಮುಕ್ಕಾಲು ಇಂಚು

"ಮೊದಲು ಪೇಪರ್ ಮೇಲೆ ಹಾಕು. ಬಟ್ಟೆ ಎಲ್ಲೂ ಓಡಿ ಹೋಗಲ್ಲ."

ಕಳೆದ ಜನವರಿಯ ಒಂದು ಶನಿವಾರ ಬೆಳಗ್ಗೆ, ತಿಪಟೂರಿನ ನಮ್ಮ ಮನೆಯ ನಡುಮನೆಯಲ್ಲಿ ಅಮ್ಮ ಹೀಗೆ ಹೇಳ್ತಾ ಇದ್ದದ್ದು ನನಗಲ್ಲ, ಹೊಲಿಗೆ ಕಲಿಯೋಕೆ ಬರುವ ಪಕ್ಕದ ಬೀದಿಯ ಹುಡುಗಿಗೆ. ಆಕೆ ಮೊಬೈಲ್ ತೋರಿಸಿ, "ಆಂಟಿ, ಇಲ್ಲಿ ನೋಡಿ, ಇವರು ಡೈರೆಕ್ಟಾಗಿ ಬಟ್ಟೆ ಮೇಲೇ ಮಾರ್ಕ್ ಮಾಡ್ತಾರೆ. ಹತ್ತೇ ನಿಮಿಷಕ್ಕೆ ಕಟಿಂಗ್ ಮುಗೀತು" ಅಂತ ವಾದ ಮಾಡ್ತಿದ್ದಳು.

ಅಮ್ಮ ಕನ್ನಡಕ ಸರಿ ಮಾಡಿಕೊಂಡು ವಿಡಿಯೋ ಪೂರ್ತಿ ನೋಡಿದಳು. ಆಮೇಲೆ ಹಳೇ ಪೇಪರಿನ ಒಂದು ಹಾಳೆ ಎಳೆದು ಆಕೆಯ ಮುಂದೆ ಹಾಸಿದಳು. "ಅವರು ಎಷ್ಟೋ ವರ್ಷ ಪೇಪರ್ ಮೇಲೆ ಹಾಕಿರ್ತಾರೆ, ಅದಕ್ಕೆ ಈಗ ಬಟ್ಟೆ ಮೇಲೆ ಹಾಕ್ತಾರೆ. ಪೇಪರ್ ಹಾಳಾದ್ರೆ ರದ್ದಿ ಕಣಮ್ಮ. ಬಟ್ಟೆ ಹಾಳಾದ್ರೆ ನಮ್ಮ ಮರ್ಯಾದೆ."

ನಾನು ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಮನೆಗೆ ಬಂದದ್ದು ಹಬ್ಬಕ್ಕಲ್ಲ. ಬೆಂಗಳೂರಿನ ರೂಮಿನಲ್ಲಿ ಒಬ್ಬನೇ ಇರೋಕೆ ಆಗದೆ ಶುಕ್ರವಾರ ರಾತ್ರಿ ರೈಲು ಹತ್ತಿದ್ದೆ. ಯಾಕೆ ಅಂತ ಅಮ್ಮನಿಗೆ ಹೇಳಿರಲಿಲ್ಲ. "ವರ್ಕ್ ಫ್ರಮ್ ಹೋಮ್" ಅಂದಿದ್ದೆ, ಅಷ್ಟೇ.

ನಡೆದದ್ದು ಇಷ್ಟು. ನಾನು ಕೆಲಸ ಮಾಡುವುದು ಆನ್‌ಲೈನ್ ಪಾವತಿಯ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ. ಶಾಲೆ, ಹಾಸ್ಟೆಲ್, ಟ್ಯೂಷನ್ ಸೆಂಟರ್‌ಗಳು ಫೀಸು ವಸೂಲಿಗೆ ನಮ್ಮ ವ್ಯವಸ್ಥೆ ಬಳಸುತ್ತವೆ. ಆ ವಾರ 43 ಜನರ ಖಾತೆಯಿಂದ ಒಂದೇ ಫೀಸು ಎರಡು ಸಲ ಕಟ್ ಆಗಿತ್ತು. ದೂರುಗಳಲ್ಲಿ ಒಂದನ್ನು ನಾನು ಮರೆಯೋಕೆ ಆಗಲ್ಲ. ಯಾರೋ ಒಬ್ಬ ತಂದೆ ಬರೆದಿದ್ದರು: ಮಗಳ ಹಾಸ್ಟೆಲ್ ಫೀಸು ಎರಡು ಸಲ ಹೋಗಿದೆ, ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಉಳಿದಿರೋದು 212 ರೂಪಾಯಿ, ದಯವಿಟ್ಟು ಬೇಗ ನೋಡಿ ಅಂತ. ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಎಲ್ಲರ ದುಡ್ಡನ್ನೂ ವಾಪಸ್ ಕಳಿಸುವ ಏರ್ಪಾಡು ಅಂದೇ ಆಯ್ತು. ಆದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗದೆ ಅದು ಮತ್ತೆ ಆಗಲ್ಲ ಅಂತ ಹೇಳೋರು ಯಾರು? ಗುರುವಾರದ ಮೀಟಿಂಗಿನಲ್ಲಿ ಕೋಡನ್ನು ಪರದೆ ಮೇಲೆ ಹಾಕಿದರು. ಮೇಲೆ ನನ್ನ ಹೆಸರು. ಮೂರು ತಿಂಗಳ ಹಿಂದೆ ನಾನೇ ಬರೆದದ್ದು. ಬರೆದದ್ದು ಅನ್ನೋದೂ ಪೂರ್ತಿ ನಿಜ ಅಲ್ಲ. ಎಐ ಸಹಾಯಕನಿಗೆ ಏನು ಬೇಕು ಅಂತ ಹೇಳಿದ್ದೆ, ಅದು ಬರೆದುಕೊಟ್ಟಿತ್ತು, ನಾನು ಕಣ್ಣಾಡಿಸಿ, ಟೆಸ್ಟ್ ಓಡಿಸಿ, ಎಲ್ಲ ಹಸಿರು ಟಿಕ್ ಬಂದ ಮೇಲೆ ಒಪ್ಪಿಸಿದ್ದೆ. ನಮ್ಮ ಲೀಡ್ ಶಾಂತವಾಗಿಯೇ ಕೇಳಿದರು: "ಇಲ್ಲಿ ಬ್ಯಾಂಕ್ ಉತ್ತರ ಕೊಡೋದು ತಡ ಆದ್ರೆ ಏನಾಗುತ್ತೆ, ಸ್ವಲ್ಪ ವಿವರಿಸ್ತೀರಾ?"

ಬಾಯಿ ತೆರೆದೆ. ಎರಡು ವಾಕ್ಯ ಆದ ಮೇಲೆ ನಿಂತುಬಿಟ್ಟೆ. ನನ್ನ ಕೋಡು, ನನಗೇ ಗೊತ್ತಿಲ್ಲ. ಎಂಟು ವರ್ಷದ ಅನುಭವ ಇರೋನು ಹತ್ತು ಜನರ ಮುಂದೆ ಸುಮ್ಮನೆ ಕೂತಿದ್ದೆ. "ಸೋಮವಾರ ನೋಡೋಣ" ಅಂದರು ಅವರು. ಆ ಮೃದು ದನಿಯಲ್ಲೇ ಇತ್ತು, ಸೋಮವಾರವೂ ಹೀಗೇ ಆದರೆ ಮಾತು ಬೇರೆ ಕಡೆ ಹೋಗುತ್ತೆ ಅನ್ನೋದು.

ಶನಿವಾರ ಮಧ್ಯಾಹ್ನದವರೆಗೆ ಕೋಡನ್ನು ಹತ್ತು ಸಲ ಓದಿದೆ. ಅದೇ ಎಐಗೆ "ಇದರ ಚಿತ್ರ ಬರೆದುಕೊಡು" ಅಂದೆ. ಅಚ್ಚುಕಟ್ಟಾದ ಚಿತ್ರ ಕೊಟ್ಟಿತು: ಮೂರು ಉದ್ದ ಗೆರೆ, ನಡುವೆ ಬಾಣಗಳು, ಎಲ್ಲವೂ ಸ್ಕೇಲಿಟ್ಟು ಎಳೆದ ಹಾಗೆ ಅಡ್ಡಕ್ಕೆ ನೇರ. ನೋಡಿದೆ, ತಲೆಯಾಡಿಸಿದೆ. ಎಲ್ಲ ಸರಿಯಾಗೇ ಇದೆಯಲ್ಲ ಅನ್ನಿಸ್ತು. ತೊಂದರೆ ಇದ್ದದ್ದೇ ಅಲ್ಲಿ, ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತಿತ್ತು.

ಅಷ್ಟರಲ್ಲಿ ನಡುಮನೆಯಲ್ಲಿ ನಗು. ಹುಡುಗಿ ಕತ್ತರಿಸಿದ ಪೇಪರು ಎರಡು ತುಂಡಾಗಿ ಕೈಗೆ ಬಂದಿತ್ತು. ಹೊಲಿಗೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಬ್ಲೌಸಿನ ಎಡಭಾಗ ಬಲಭಾಗ ಒಂದೇ ಥರ ಇರೋದರಿಂದ ಪೇಪರನ್ನು ಎರಡು ಮಡಿಕೆ ಮಾಡಿ ಅರ್ಧ ಮಾತ್ರ ಬರೀತಾರೆ. ಬೆನ್ನಿನ ಭಾಗ ಒಂದೇ ತುಂಡು, ಹಾಗಾಗಿ ಬೆನ್ನಿನ ನಡುಗೆರೆ ಮಡಿಕೆಯ ಕಡೆ ಬರಬೇಕು. ಮುಂಭಾಗದಲ್ಲಿ ಹುಕ್ಸ್ ಬರುತ್ತೆ, ಅದು ಎರಡು ತುಂಡಾದರೂ ನಡೆಯುತ್ತೆ. ಈಕೆ ಬೆನ್ನಿನ ನಡುಗೆರೆಯನ್ನು ಮಡಿಕೆ ಬಿಟ್ಟು ತೆರೆದಿರುವ ಕಡೆಗೆ ಇಟ್ಟಿದ್ದಳು. ವಿಡಿಯೋದಲ್ಲಿ ಇದನ್ನು ಹೇಳಿದ್ದರು. ಆಕೆ ಮೂರು ಸಲ ನೋಡಿದ್ದಳು. ಕತ್ತರಿ ಹಾಕೋವರೆಗೆ ತಲೆಗೆ ಹೋಗಿರಲಿಲ್ಲ.

"ಇನ್ನು ಜನ್ಮದಲ್ಲಿ ಮರೆಯಲ್ಲ ನೋಡು" ಅಂದಳು ಅಮ್ಮ. ಇನ್ನೊಂದು ಹಾಳೆ ಕೊಟ್ಟಳು.

ಆಗ ನನಗೆ 2013 ನೆನಪಾಯ್ತು.

ಆ ವರ್ಷ ನಾನು ಇಂಜಿನಿಯರಿಂಗ್ ಸೇರಿದ್ದೆ. ಅಪ್ಪ ಎಪಿಎಂಸಿಯ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಅವರ ಸಂಬಳ ಮನೆಗೆ ಸರಿಹೋಗ್ತಿತ್ತು. ನನ್ನ ಹಾಸ್ಟೆಲ್ಲು, ಪುಸ್ತಕ, ಬಸ್ಸು ಎಲ್ಲ ಅಮ್ಮನ ಮೆಷಿನ್ನಿಂದ. ಪ್ಲೇನ್ ಬ್ಲೌಸಿಗೆ 80 ರೂಪಾಯಿ, ಲೈನಿಂಗ್ ಹಾಕಿದರೆ 150. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೆರಡರವರೆಗೂ ಮೆಷಿನ್ ಸದ್ದು. ಹಾಸ್ಟೆಲ್ಲಿನಲ್ಲಿ ಮೊದಲ ದಿನ ಸೀನಿಯರ್‌ಗಳು ಸಾಲಾಗಿ ನಿಲ್ಲಿಸಿ ಪರಿಚಯ ಕೇಳಿದರು. ಅಪ್ಪ? ಗುಮಾಸ್ತ. ಅಮ್ಮ? "ಹೌಸ್‌ವೈಫ್" ಅಂದೆ. ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗೇ ಬಂತು. ಆಮೇಲೆ ನಾಲ್ಕು ವರ್ಷ ಯಾರು ಕೇಳಿದರೂ ಅದನ್ನೇ ಹೇಳಿದೆ.

ಮೊದಲ ಸೆಮಿಸ್ಟರಿನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಇತ್ತು. ನಾನು ಪಿಯುಸಿವರೆಗೆ ಬಾಯಿಪಾಠದ ಬಲದಲ್ಲೇ ಬಂದವನು. ಇದನ್ನೂ ಹಾಗೇ ಉರು ಹೊಡೆದೆ, ಒಂದನೇ ಹೆಜ್ಜೆ, ಎರಡನೇ ಹೆಜ್ಜೆ ಅಂತ. ಇಂಟರ್ನಲ್ಸ್‌ನಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೊಟ್ಟರು: ಒಂದು ಸಿಲಿಂಡರನ್ನು ಓರೆಯಾಗಿ ಕತ್ತರಿಸಿದೆ, ಅದರ ಮೈಯನ್ನು ಬಿಚ್ಚಿ ಚಪ್ಪಟೆ ಹಾಸಿದರೆ ಹೇಗೆ ಕಾಣುತ್ತೆ, ಬರೆಯಿರಿ. ಕತ್ತರಿಸಿದ್ದು ನೇರವಾಗಿ, ಹಾಗಾಗಿ ಬಿಚ್ಚಿದಾಗ್ಲೂ ನೇರ ಗೆರೆಯೇ ಇರುತ್ತೆ ಅಂತ ಒಂದು ಓರೆ ಗೆರೆ ಎಳೆದು ಬಂದೆ. 25ಕ್ಕೆ 7.

ದಸರಾ ರಜಕ್ಕೆ ಬಂದವನು ಆ ಶೀಟನ್ನು ಮುಂದೆ ಹಾಕಿಕೊಂಡು ಮುಖ ಊದಿಸಿ ಕೂತಿದ್ದೆ. ಅಮ್ಮ ಗುಂಡಿ ಹಾಕ್ತಾ ಬಗ್ಗಿ ನೋಡಿದಳು.

"ಇದು ತೋಳಲ್ವೇನೋ?"

"ತೋಳಲ್ಲಮ್ಮ, ಸಿಲಿಂಡರು. ನಿಂಗೆ ಗೊತ್ತಾಗಲ್ಲ ಬಿಡು."

ಅಮ್ಮ ಮಾತಾಡಲಿಲ್ಲ. ಆಲ್ಟ್ರೇಷನ್‌ಗೆ ಬಂದಿದ್ದ ಒಂದು ಬ್ಲೌಸು ತಗೊಂಡು, ತೋಳಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ, ತುಂಡನ್ನು ನನ್ನ ಡ್ರಾಯಿಂಗ್ ಶೀಟಿನ ಮೇಲೇ ಹಾಸಿದಳು. ಉರುಟಾಗಿದ್ದ ತೋಳು ಚಪ್ಪಟೆ ಆಯ್ತು. ಭುಜಕ್ಕೆ ಸೇರುವ ಅಂಚು ನೇರ ಇರಲಿಲ್ಲ. ಎರಡು ಕಡೆ ತಗ್ಗು, ನಡುವೆ ಗುಡ್ಡದ ಹಾಗೆ ಏರಿ ಇಳಿದಿತ್ತು.

"ಮೈಮೇಲೆ ಇದ್ದಾಗ ಇದರ ಬಾಯಿ ಓರೆ ಇರುತ್ತೆ. ಭುಜದ ಮೇಲೆ ಉದ್ದ, ಕಂಕುಳಲ್ಲಿ ಗಿಡ್ಡ. ಬಿಚ್ಚಿದ್ರೆ ಗುಡ್ಡ. ನೇರ ಕತ್ತರಿಸಿ ಹೊಲಿದ್ರೆ ಕೈ ಎತ್ತೋಕೆ ಆಗಲ್ಲ" ಅಂದಳು. "ಮುಂದಿನ ಕಡೆ ಇನ್ನೂ ಸ್ವಲ್ಪ ಜಾಸ್ತಿ ಕೊರೀಬೇಕು, ಕೈ ಯಾವಾಗ್ಲೂ ಮುಂದಕ್ಕೆ ತಾನೆ ಬರೋದು."

ಇದನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಒಂದು ಕಾಗದವನ್ನು ದಪ್ಪ ಕ್ಯಾರೆಟ್ಟಿಗೆ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ, ಚಾಕುವಿನಿಂದ ಓರೆಯಾಗಿ ಒಂದೇ ಸಲಕ್ಕೆ ಕತ್ತರಿಸಿ. ಕಾಗದ ಬಿಡಿಸುವ ಮುಂಚೆ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು, ಅಂಚು ಹೇಗಿರಬಹುದು ಅಂತ ಬರೆಯೋಕೆ ಹೇಳಿ. ಆಮೇಲೆ ಬಿಡಿಸಿ. ಸಮುದ್ರದ ಅಲೆಯ ಹಾಗೆ ಏರಿಳಿತ ಬರುತ್ತೆ. ಗಣಿತದಲ್ಲಿ ಸೈನ್ ವೇವ್ ಅನ್ನೋದು ಅದನ್ನೇ. ಟ್ರಿಗ್ನಾಮೆಟ್ರಿಯಲ್ಲಿ ನಾನು ನೂರು ಸಲ ಬರೆದಿದ್ದ ಆ ಅಲೆ ಅಮ್ಮನ ಕತ್ತರಿಯಲ್ಲಿ ದಿನಾ ಓಡಾಡ್ತಿತ್ತು, ನನಗೆ ಗೊತ್ತಿರಲಿಲ್ಲ.

ಮುಂದಿನ ಇಂಟರ್ನಲ್ಸ್‌ನಲ್ಲಿ 21 ಬಂತು. "ಹೇಗೋ ಮಗಾ?" ಅಂತ ರೂಮ್‌ಮೇಟ್ ಕೇಳಿದ. "ಯೂಟ್ಯೂಬ್ ನೋಡ್ದೆ" ಅಂದೆ.

ಈಗ ಹನ್ನೊಂದು ವರ್ಷ ಆದ ಮೇಲೆ ಅದೇ ನಡುಮನೆಯಲ್ಲಿ ಕೂತು ಅದೆಲ್ಲ ನೆನಪಾಗಿ ಕಿವಿ ಬಿಸಿಯಾಯ್ತು. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು, ಅಮ್ಮನ ಪೇಪರ್ ರಾಶಿಯಿಂದ ಒಂದು ಹಾಳೆ ತಗೊಂಡು ಸ್ಕೆಚ್ ಪೆನ್ನಿನಲ್ಲಿ ಉದ್ದಕ್ಕೆ ಮೂರು ಗೆರೆ ಎಳೆದೆ. ಎಡಗಡೆ ಫೀಸು ಕಟ್ಟುವವರ ಫೋನು, ನಡುವೆ ನಮ್ಮ ಸರ್ವರ್, ಬಲಗಡೆ ಬ್ಯಾಂಕು. ಮೇಲಿಂದ ಕೆಳಕ್ಕೆ ಇಳಿದ ಹಾಗೆ ಸಮಯ ಕಳೆಯುತ್ತೆ ಅಂತ ಲೆಕ್ಕ. ಬಾಣ ಹಾಕೋಕೆ ಶುರು ಮಾಡಿದೆ.

ಮಲಗೋಕೆ ಹೊರಟ ಅಮ್ಮ ನಿಂತು ನೋಡಿದಳು. ಏನು ಎತ್ತ ಕೇಳಲಿಲ್ಲ. ಪೇಪರ್ ಮೇಲೆ ಗೆರೆ ಎಳೆಯೋರನ್ನ ಕಂಡರೆ ಹೇಳುವ ಮಾತನ್ನೇ ಅಭ್ಯಾಸಬಲದಲ್ಲಿ ಹೇಳಿದಳು: "ಕಣ್ಣಂದಾಜಲ್ಲಿ ಹಾಕ್ಬೇಡ. ಟೇಪು ಅಲ್ಲೇ ಇದೆ."

ನಗು ಬಂತು. ಆದರೂ ಟೇಪು ತಗೊಂಡೆ. 10 ಸೆಕೆಂಡಿಗೆ 1 ಇಂಚು ಅಂತ ಇಟ್ಟುಕೊಂಡೆ. ದೂರು ಬಂದ ಒಂದು ಪಾವತಿಯ ಸಮಯಗಳು ದಾಖಲೆಯಲ್ಲಿ ಇದ್ದವು. ಅದನ್ನು ನೋಡಿಕೊಂಡು ಒಂದೊಂದೇ ಗುರುತು ಹಾಕುತ್ತಾ ಹೋದೆ.

ಫೋನಿನಿಂದ ಕೋರಿಕೆ ಹೊರಟದ್ದು 0. ಸರ್ವರಿಗೆ ಬಂತು, ಈ ಫೀಸು ಈಗಾಗಲೇ ಕಟ್ಟಿದ್ದಾರಾ ಅಂತ ಪುಸ್ತಕ ನೋಡಿತು, ಇಲ್ಲ. ಬ್ಯಾಂಕಿಗೆ ಕಳಿಸಿತು. ಬ್ಯಾಂಕಿನ ಉತ್ತರ ಬಂದದ್ದು 38ನೇ ಸೆಕೆಂಡಿಗೆ, ಅಂದರೆ ಸುಮಾರು ಮೂರು ಮುಕ್ಕಾಲು ಇಂಚು ಕೆಳಗೆ. ಅಷ್ಟು ಕೆಳಗೆ ಬರಬೇಕಾದರೆ ಆ ಬಾಣ ಅಡ್ಡಕ್ಕೆ ನೇರ ಇರೋಕೆ ಸಾಧ್ಯವೇ ಇಲ್ಲ. ಓರೆಯಾಗಿ ಇಳೀಬೇಕು. ಎಳೆದೆ. ಉತ್ತರ ಬಂದ ಮೇಲೆ ಸರ್ವರು "ಕಟ್ಟಿದ್ದಾರೆ" ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತೆ.

ಇನ್ನು ಫೋನು. 30 ಸೆಕೆಂಡು ಕಾದು ಉತ್ತರ ಬರದಿದ್ದರೆ ಅದು ತಾನೇ ಇನ್ನೊಂದು ಸಲ ಕೇಳುತ್ತೆ. ಅಂದರೆ 3 ಇಂಚಿಗೆ. ಎಡಗಡೆ ಗೆರೆಯ ಮೇಲೆ 3 ಇಂಚಿಗೆ ಗುರುತು ಹಾಕಿ, ಅಲ್ಲಿಂದ ಎರಡನೇ ಬಾಣ ಎಳೆಯೋಕೆ ಹೋದ ಕೈ ಅಲ್ಲೇ ನಿಂತಿತು.

ಅದು ಸರ್ವರಿಗೆ ಬರುವ ಹೊತ್ತಿಗೆ ಬ್ಯಾಂಕಿನ ಉತ್ತರ ಇನ್ನೂ ಬಂದೇ ಇಲ್ಲ. ಪುಸ್ತಕದಲ್ಲಿ ಏನೂ ಬರೆದಿಲ್ಲ. ಸರ್ವರು ಪುಸ್ತಕ ನೋಡುತ್ತೆ, ಕಟ್ಟಿಲ್ಲ ಅನ್ನುತ್ತೆ, ಇನ್ನೊಂದು ಸಲ ಬ್ಯಾಂಕಿಗೆ ಕಳಿಸುತ್ತೆ. ಎರಡು ಗುರುತುಗಳ ನಡುವೆ ಮುಕ್ಕಾಲು ಇಂಚು ಖಾಲಿ ಜಾಗ. ಆ ಮುಕ್ಕಾಲು ಇಂಚಿನಲ್ಲಿ ಒಬ್ಬ ತಂದೆಯ ದುಡ್ಡು ಹೋಗಿತ್ತು.

ಎಐ ಕೊಟ್ಟ ಚಿತ್ರದಲ್ಲೂ ಇದೇ ಬಾಣಗಳಿದ್ದವು. ಎಲ್ಲವೂ ಅಡ್ಡಕ್ಕೆ ನೇರ ಇದ್ದದ್ದರಿಂದ ಒಂದು ಮುಗಿದ ಮೇಲೇ ಇನ್ನೊಂದು ಅನ್ನೋ ಹಾಗೆ ಕಾಣುತ್ತಿತ್ತು. ನನ್ನ ತಲೆಯಲ್ಲೂ ಹಾಗೇ ಇತ್ತು. ನಮ್ಮ ಟೆಸ್ಟ್‌ನಲ್ಲೂ ಹಾಗೇ, ಅಲ್ಲಿ ನಕಲಿ ಬ್ಯಾಂಕು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುತ್ತಿತ್ತು. ಓರೆ ಗೆರೆಯನ್ನು ಕೈಯಾರೆ ಎಳೆಯುವವರೆಗೆ ಬ್ಯಾಂಕು ತಡ ಮಾಡಬಹುದು ಅನ್ನೋದು ನನಗೆ ಬರೀ ಮಾತಾಗಿತ್ತು.

ಸರಿಪಡಿಸುವುದು ದೊಡ್ಡ ವಿಷಯ ಅಲ್ಲ. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಡಬೇಕು. ಬ್ಯಾಂಕಿಗೆ ಕಳಿಸುವ ಮುಂಚೆಯೇ "ಈ ಸಂಖ್ಯೆಯದ್ದು ನಡೀತಾ ಇದೆ" ಅಂತ ಬರೆದುಕೊಳ್ಳಬೇಕು. ಅದೇ ಸಂಖ್ಯೆ ಎರಡನೇ ಸಲ ಬಂದರೆ ಮುಂದೆ ಬಿಡಬಾರದು. ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆ. ನನಗೂ ಗೊತ್ತಿತ್ತು, ಸಂದರ್ಶನದಲ್ಲಿ ಕೇಳಿದ್ದರೆ ಪಟಪಟ ಹೇಳ್ತಿದ್ದೆ. ಆದರೆ ಅದು ನನ್ನ ಕೋಡಿಗೆ ಎಲ್ಲಿ ಬೇಕು ಅಂತ ಗೊತ್ತಿರಲಿಲ್ಲ.

ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಹಾಗಾದರೆ ಕೈಯಲ್ಲಿ ಬರೆಯೋದಕ್ಕೂ ತಲೆಗೂ ಏನು ನಂಟು ಅಂತ ಹುಡುಕಿ ಓದುತ್ತಾ ಕೂತೆ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಸಿಕ್ಕಿತು. ಸೇಬು ಥರದ ಸಾಮಾನ್ಯ ಪದಗಳನ್ನು ಒಂದೊಂದಾಗಿ ತೋರಿಸಿ, ಕೆಲವನ್ನು ಚಿತ್ರ ಬರೆಯಿರಿ, ಕೆಲವನ್ನು ಪದವಾಗಿಯೇ ಮತ್ತೆ ಮತ್ತೆ ಬರೆಯಿರಿ ಅಂತ ಹೇಳಿದರು. ಆಮೇಲೆ ಎಷ್ಟು ನೆನಪಿದೆ ಅಂತ ಕೇಳಿದರೆ, ಚಿತ್ರ ಬರೆದ ಪದಗಳೇ ಸ್ಪಷ್ಟವಾಗಿ ಹೆಚ್ಚು ನೆನಪಿನಲ್ಲಿದ್ದವು. ಬರೆಯೋಕೆ ನಾಲ್ಕೇ ಸೆಕೆಂಡು ಕೊಟ್ಟಾಗಲೂ ಹಾಗೇ. ಚಿತ್ರವನ್ನು ಸುಮ್ಮನೆ ನೋಡಿದ್ದಕ್ಕಿಂತ ತಾವೇ ಬರೆದದ್ದು ಹೆಚ್ಚು ನೆನಪು. ಚಿತ್ರ ಚೆನ್ನಾಗಿರಬೇಕು ಅಂತಲೂ ಇಲ್ಲ. ಬರೆಯುವಾಗ ಅದರ ಅರ್ಥ ಯೋಚಿಸಬೇಕು, ಕೈ ಆಡಿಸಬೇಕು, ಬಂದದ್ದನ್ನು ಕಣ್ಣಲ್ಲಿ ನೋಡಬೇಕು. ಈ ಮೂರೂ ಸೇರಿ ನೆನಪು ಗಟ್ಟಿಯಾಗುತ್ತೆ ಅನ್ನೋದು ಅವರ ವಿವರಣೆ.

2014ರಲ್ಲಿ ಅಮೆರಿಕದಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ಹೆಸರುವಾಸಿ. ಪಾಠ ಕೇಳುವಾಗ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದವರು ಮೇಷ್ಟ್ರ ಮಾತನ್ನು ಹಾಗ್ಹಾಗೇ ಇಳಿಸಿಕೊಂಡರು. ಕೈಯಲ್ಲಿ ಬರೆದವರಿಗೆ ಅಷ್ಟು ವೇಗ ಇರಲ್ಲ, ಹಾಗಾಗಿ ಯಾವುದು ಮುಖ್ಯ ಅಂತ ಆರಿಸಿ ತಮ್ಮ ಮಾತಲ್ಲಿ ಬರೆದುಕೊಂಡರು. ಅರ್ಥ ಮಾಡಿಕೊಂಡು ಉತ್ತರಿಸುವ ಪ್ರಶ್ನೆಗಳಲ್ಲಿ ಅವರೇ ಮುಂದಿದ್ದರು. ಮುಂದೆ ಬೇರೆಯವರು ಇದೇ ಪ್ರಯೋಗ ಮತ್ತೆ ಮಾಡಿದಾಗ ವ್ಯತ್ಯಾಸ ಅಷ್ಟು ಎದ್ದು ಕಾಣಲಿಲ್ಲ. ಹಾಗಾಗಿ ಪೆನ್ನು ಹಿಡಿದ ತಕ್ಷಣ ಬುದ್ಧಿ ಬಂದುಬಿಡುತ್ತೆ ಅಂತ ನಾನು ಹೇಳಲ್ಲ. ಕೈಯಲ್ಲಿ ಬರೆದೂ ಬರೀ ನಕಲು ಇಳಿಸಬಹುದು. ಪಿಯುಸಿಯಲ್ಲಿ ನಾನು ಮಾಡಿದ್ದೇ ಅದು.

ನಮ್ಮ ಕ್ಷೇತ್ರದ್ದೇ ಒಂದು ಕತೆ ಹೇಳ್ತೀನಿ. ಮೊಬೈಲ್ ಮ್ಯಾಪ್‌ಗಳು ಹತ್ತಿರದ ದಾರಿ ಹುಡುಕುವ ಲೆಕ್ಕಕ್ಕೆ ಬುನಾದಿ ಹಾಕಿದವರು ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಹೋಟೆಲಿನ ಮುಂದೆ ಕೂತು ಸುಮಾರು ಇಪ್ಪತ್ತು ನಿಮಿಷದಲ್ಲಿ ಅವರಿಗೆ ಅದು ಹೊಳೆಯಿತಂತೆ. ಪೆನ್ಸಿಲ್ಲೂ ಇಲ್ಲ, ಪೇಪರ್ರೂ ಇಲ್ಲ. ಅದು ಇರಲಿಲ್ಲವಾದ್ದರಿಂದಲೇ ಗೋಜಲಿಗೆ ಹೋಗದೆ ಸರಳವಾದದ್ದನ್ನು ಹುಡುಕಿದೆ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಇದನ್ನು ಓದಿ ನನ್ನ ಉತ್ಸಾಹ ಸ್ವಲ್ಪ ಇಳಿಯಿತು ಅನ್ನಿ. ಆದರೆ ಅದೇ ಮನುಷ್ಯ ಜೀವನದುದ್ದಕ್ಕೂ 1,300ಕ್ಕೂ ಹೆಚ್ಚು ಟಿಪ್ಪಣಿಗಳನ್ನು ಬರೆದರು, ಅವುಗಳಲ್ಲಿ ಬಹಳಷ್ಟನ್ನು ಫೌಂಟನ್ ಪೆನ್ನಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ. ಕಂಪ್ಯೂಟರ್ ವಿಜ್ಞಾನದ ದೊಡ್ಡ ಹೆಸರುಗಳಲ್ಲಿ ಒಬ್ಬರು ಅವರು, ಯೋಚಿಸೋಕೆ ಕೂತರೆ ಕೈಗೆ ತಗೊಳ್ತಿದ್ದದ್ದು ಪೆನ್ನು.

ಅವರಿಗೆ ಪೇಪರಿಲ್ಲದೆಯೂ ಕಾಣುತ್ತಿತ್ತು. ನನ್ನಂಥ ಸಾಮಾನ್ಯನಿಗೆ ಪೇಪರ್ ಬೇಕು. ಓದುವಾಗ, ನೋಡುವಾಗ ಗೊತ್ತಿಲ್ಲದ ಜಾಗವನ್ನು ನಾವು ಹಾರಿಕೊಂಡು ಹೋಗಿಬಿಡ್ತೀವಿ, ಹಾರಿದ್ದು ನಮಗೇ ಗೊತ್ತಾಗಲ್ಲ. ಗೆರೆ ಎಳೆಯುವಾಗ ಹಾರೋಕೆ ಆಗಲ್ಲ. ಗೆರೆ ಎಲ್ಲಾದರೂ ಒಂದು ಕಡೆ ಮುಟ್ಟಲೇಬೇಕು. ಎಲ್ಲಿ ಮುಟ್ಟಬೇಕು ಅಂತ ಗೊತ್ತಿಲ್ಲದಿದ್ದರೆ ಕೈ ನಿಲ್ಲುತ್ತೆ. ಆ ಶನಿವಾರ ನನ್ನ ಕೈ ನಿಂತ ಜಾಗದಲ್ಲೇ ತಪ್ಪು ಇತ್ತು.

ಸೋಮವಾರದ ಮೀಟಿಂಗಿಗೆ ತಿಪಟೂರಿನಿಂದಲೇ ಸೇರಿಕೊಂಡೆ. ಸ್ಲೈಡ್ ಮಾಡಿರಲಿಲ್ಲ. ಪೇಪರ್ ಹಾಳೆಯನ್ನೇ ಕ್ಯಾಮೆರಾ ಮುಂದೆ ಹಿಡಿದೆ. 0, 3 ಇಂಚು, ಮೂರು ಮುಕ್ಕಾಲು ಇಂಚು ಅಂತ ಬೆರಳಿಟ್ಟು ತೋರಿಸ್ತಾ ಹೋದೆ. ಯಾರೋ "ಇಂಚಾ?" ಅಂತ ನಕ್ಕರು. ಐದು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಯ್ತು. ಗುರುವಾರ ಎರಡು ವಾಕ್ಯಕ್ಕೆ ನಿಂತವನು ಅವತ್ತು ಯಾವ ಪ್ರಶ್ನೆಗೂ ತಡವರಿಸಲಿಲ್ಲ. ಆ ತಪ್ಪು ನನ್ನದು, ಅರ್ಥ ಆಗದ ಕೋಡನ್ನು ಒಪ್ಪಿಸಿದ್ದು ನಾನು ಅಂತಲೂ ಹೇಳಿದೆ.

ಕೊನೆಗೆ ಲೀಡ್ ಕೇಳಿದರು, "ಹೀಗೆ ಅಳತೆ ಹಾಕಿ ಬರೆಯೋದು ಎಲ್ಲಿ ಕಲಿತ್ರಿ?"

ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ಕಾಲ್ ಮುಗಿದರೆ ತಿಂಡಿ ಕೊಡೋಣ ಅಂತ.

"ನಮ್ಮಮ್ಮ ಟೈಲರ್" ಅಂದೆ. "ಅವರು ಕಲಿಸಿದ್ದು."

ಅಲ್ಲಿ ಯಾರಿಗೂ ಅದು ದೊಡ್ಡ ಮಾತು ಅನ್ನಿಸಲಿಲ್ಲ. "ಹೌದಾ, ಸೂಪರ್. ಅದನ್ನ ಸ್ಕ್ಯಾನ್ ಮಾಡಿ ಡಾಕ್ಯುಮೆಂಟಿಗೆ ಹಾಕಿಬಿಡಿ" ಅಂದು ಮುಂದಿನ ವಿಷಯಕ್ಕೆ ಹೋದರು. ಹನ್ನೊಂದು ವರ್ಷ ಬಚ್ಚಿಟ್ಟಿದ್ದ ವಿಷಯ ಇಷ್ಟೇ ಆಗಿತ್ತು. ಈಗಲೂ ಆ ಡಾಕ್ಯುಮೆಂಟಿನಲ್ಲಿ ನನ್ನ ಬಾಣಗಳ ಹಿಂದೆ ಅರ್ಧ ವಧೂವರರ ಜಾಹೀರಾತು ಕಾಣಿಸುತ್ತೆ. ಅಮ್ಮ ಏನೂ ಕೇಳಲಿಲ್ಲ. ತಟ್ಟೆ ಇಟ್ಟು, "ಇನ್ನೊಂದು ಇಡ್ಲಿ ಹಾಕ್ಲಾ?" ಅಂದಳು. ಮೂರು ಇದ್ದ ಕಡೆ ಐದು ತಿಂದೆ.

ಅವತ್ತಿನಿಂದ ನನ್ನ ಕೆಲಸದ ರೀತಿ ಸ್ವಲ್ಪ ಬದಲಾಗಿದೆ. ಎಐ ಬಿಟ್ಟಿಲ್ಲ, ಬಿಡೋಕೂ ಆಗಲ್ಲ. ಆದರೆ ಅದು ಕೊಟ್ಟ ಕೋಡನ್ನು ಒಪ್ಪಿಸುವ ಮುಂಚೆ, ಪರದೆ ಮುಚ್ಚಿ, ಒಂದು ಹಾಳೆಯ ಮೇಲೆ ಅದು ಏನು ಮಾಡುತ್ತೆ ಅಂತ ಬರೀತೀನಿ. ಚಂದ ಇರಲ್ಲ. ಡಬ್ಬಿ, ಬಾಣ, ಕೆಲವು ಸಲ ಒಂದು ಮನುಷ್ಯನ ಚಿತ್ರ, ಅದು ಮನುಷ್ಯ ಅಂತ ನಾನೇ ಹೇಳಬೇಕು. ಕೈ ಎಲ್ಲಿ ನಿಲ್ಲುತ್ತೋ ಅಲ್ಲಿಗೆ ವಾಪಸ್ ಹೋಗಿ ಓದ್ತೀನಿ. ಹತ್ತರಲ್ಲಿ ಎಂಟು ಸಲ ಏನೂ ತೊಂದರೆ ಇರಲ್ಲ. ಉಳಿದ ಎರಡು ಸಲ ಯಾರದೋ ಹಾಸ್ಟೆಲ್ ಫೀಸು ಉಳಿಯುತ್ತೆ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಇದನ್ನೊಂದು ಮಾಡಿ ನೋಡಿ. ಪಾಠ ಅರ್ಥ ಆಯ್ತಾ ಅಂತ ಕೇಳಬೇಡಿ, ಎಲ್ಲ ಮಕ್ಕಳೂ ಆಯ್ತು ಅಂತಲೇ ಹೇಳ್ತಾರೆ, ನಾನೂ ಹಾಗೇ ಹೇಳ್ತಿದ್ದೆ. ಪುಸ್ತಕ ಮುಚ್ಚಿಸಿ ಒಂದು ಹಾಳೆ ಕೊಡಿ. ತಿಂದ ಅನ್ನ ಹೊಟ್ಟೆಗೆ ಹೋಗಿ ಏನಾಗುತ್ತೆ, ಮಳೆ ನೀರು ನಮ್ಮೂರ ಕೆರೆಗೆ ಎಲ್ಲಿಂದ ಬರುತ್ತೆ, ಬರಿ ಅನ್ನಿ. ಚಿತ್ರ ಕೆಟ್ಟದಾಗಿದ್ದರೆ ನಗಬೇಡಿ. ಕೈ ಎಲ್ಲಿ ನಿಂತಿತು ಅಂತ ಮಾತ್ರ ನೋಡಿ.

ಮೊನ್ನೆ ಯುಗಾದಿಗೆ ಊರಿಗೆ ಹೋದಾಗ ಅಮ್ಮನ ಮುಂದೆ ಕೂತು ಹೇಳಿದೆ: "ನಂಗೂ ಒಂದು ಶರ್ಟ್ ಕಟಿಂಗ್ ಹೇಳ್ಕೊಡು."

"ನಿಂಗ್ಯಾಕೋ ಇದೆಲ್ಲ?" ಅಂದಳು. ಆದರೆ ಟೇಪು ಅಷ್ಟರಲ್ಲೇ ಕೊರಳಿಂದ ಕೈಗೆ ಬಂದಿತ್ತು. ನನ್ನ ಅಳತೆ ತಗೊಂಡಳು. ಎದೆ 38. ನಾಲ್ಕು ಭಾಗ ಮಾಡಿದರೆ ಒಂಬತ್ತೂವರೆ, ಅದಕ್ಕೆ ಸಡಿಲಕ್ಕಿಷ್ಟು, ಹೊಲಿಗೆಗಿಷ್ಟು ಅಂತ ಕೂಡಿಸಬೇಕು. ಲೆಕ್ಕ ನನಗೆ ಸುಲಭ, ಗೆರೆ ಕಷ್ಟ. ಬೆನ್ನಿನ ಭಾಗವನ್ನು ಹುಷಾರಾಗಿ ಮಡಿಕೆಯ ಕಡೆಗೇ ಇಟ್ಟೆ, ಆ ಹುಡುಗಿ ನೋಡಿ ನಗುವ ಅವಕಾಶ ಕೊಡಬಾರದಲ್ಲ. ಆಮೇಲೆ ತೋಳು. ಗುಡ್ಡ ಏರಿಸಿ ಇಳಿಸಿ, ಮುಂದಿನ ಕಡೆ ಸ್ವಲ್ಪ ಜಾಸ್ತಿ ಕೊರೆದು, ಒಂದು ತೋಳು ಬರೆದೆ. ಅದನ್ನೇ ಇಟ್ಟು ಇನ್ನೊಂದು ಬರೆದೆ. ಎರಡನ್ನೂ ಕತ್ತರಿಸಿ, "ಮುಂದೆ", "ಹಿಂದೆ" ಅಂತ ಬರೆದು, ಹೆಮ್ಮೆಯಿಂದ ಅಮ್ಮನ ಮುಂದೆ ಹಾಸಿದೆ.

ಅಮ್ಮ ನೋಡಿದಳು. ಒಂದನ್ನು ನನ್ನ ಬಲಗೈ ಮೇಲಿಟ್ಟಳು, ಸರಿ ಇತ್ತು. ಇನ್ನೊಂದನ್ನು ಎಡಗೈ ಮೇಲಿಟ್ಟಳು. "ಮುಂದೆ" ಅಂತ ಬರೆದದ್ದು ಬೆನ್ನಿನ ಕಡೆಗೆ ಬಂತು.

"ಎರಡೂ ಬಲಗೈ ಮಾಡಿದ್ದೀಯಲ್ಲೋ ಇಂಜಿನಿಯರಪ್ಪಾ!" ಅಂತ ಕಣ್ಣಲ್ಲಿ ನೀರು ಬರೋವಷ್ಟು ನಕ್ಕಳು. ಆ ಹುಡುಗಿಯೂ ನಕ್ಕಳು. ಅಪ್ಪ ಹೊರಗಿನಿಂದ "ಏನಾಯ್ತು?" ಅಂತ ಕೇಳಿದರು.

ಇನ್ನೊಂದನ್ನು ಬರೆಯುವ ಮುಂಚೆ ಮೊದಲನೆಯದನ್ನು ಮಗುಚಿ ಇಡಬೇಕಿತ್ತು. ಇನ್ನು ಜನ್ಮದಲ್ಲಿ ಮರೆಯಲ್ಲ.

"ಇರಲಿ ಬಿಡು, ಪೇಪರ್ ತಾನೆ" ಅಂದಳು ಅಮ್ಮ, ಕಣ್ಣು ಒರೆಸಿಕೊಳ್ತಾ. "ಇನ್ನೊಂದು ಹಾಳೆ ತಗೋ."